ಹಾಡುವ ಗಿಡದ ಕಾಂಡದಲ್ಲಿ

ಅಕ್ಕನ ಮಗಳು ಅತ್ತಿಗುಂಡಿಯ ನಮ್ಮ ತೋಟಕ್ಕೆ ವೈರುಗಳ ಚೀಲ ಹೊತ್ತು ಬಂದಾಗಲೇ ನನಗೆ ಒಳಗೊಳಗೇ ಪುಕುಪುಕು ಶುರುವಾಗಿತ್ತು. ಬದುಕಿರುವ ಗಿಡಕ್ಕೆ ಯಂತ್ರ ಜೋಡಿಸಿ ಕಲೆ ಮಾಡುವುದು ಅವಳ ಕೆಲಸ. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿದ್ದ ಅರೇಬಿಕಾ ಗಿಡದ ಎಲೆಗಳಿಗೆ ಕ್ಲಿಪ್ಪು ಸಿಕ್ಕಿಸಿ ಸ್ಪೀಕರ್ ಹಾಕಿದಳು. ಗಿಡದೊಳಗಿನ ವಿದ್ಯುತ್ತು ಏರಿಳಿದಂತೆ ಸ್ವರವೂ ಏರಿಳಿಯುತ್ತದಂತೆ. ನಾನು ಒಂದು ಎಲೆ ಮುಟ್ಟಿದೆ. ಸ್ವರ ಬದಲಾಯಿತು. ಬೆಚ್ಚಿ ಕೈ ಎಳೆದುಕೊಂಡೆ. ಇಷ್ಟು ವರ್ಷ ಕತ್ತರಿ ಹಿಡಿದು ರೆಂಬೆ ಸವರಿ ಕಸಿ ಮಾಡಿದ್ದೆಲ್ಲ ಇದಕ್ಕೆ ಗೊತ್ತಾಗುತ್ತಿತ್ತೇ?

“ಹೆದರ್ಬೇಡಿ ಚಿಕ್ಕಮ್ಮ, ಹಾಡ್ತಾ ಇದೆ ಅಷ್ಟೆ,” ಎಂದಳು.

ಹಾಡಿದರೆ ಹಾಡಲಿ, ನಾನಂತೂ ಅದನ್ನು ಮತ್ತೆ ಮುಟ್ಟಲಿಲ್ಲ.

ಭಾನುವಾರ ನಮ್ಮ ಹೋಂಸ್ಟೇಯ ಅತಿಥಿಗಳು ಗಿಡದ ಸುತ್ತ ಕೂತರು. ಹೊಸದೇನಾದರೂ ಕೇಳಿಸೋಣ ಎಂದು ಅವಳು ಗುಂಡಿಯಷ್ಟು ಚಿಕ್ಕ ಮೈಕೊಂದನ್ನು ಕಾಂಡಕ್ಕೆ ಅಂಟಿಸಿದಳು. ಸ್ಪೀಕರಿನಿಂದ ಕರಕರ ಸದ್ದು ಬಂತು. ಸ್ವಲ್ಪ ಹೊತ್ತು ನಿಂತು ಮತ್ತೆ ಕರಕರ. “ಗಿಡದ ಎದೆಬಡಿತ!” ಎಂದು ಒಬ್ಬರು ಚಪ್ಪಾಳೆ ತಟ್ಟಿದರು.

ಆ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಆದರೂ ಏನೆಂದು ಗೊತ್ತಾಯಿತು. ಬೋರರ್. ಕಾಂಡದೊಳಗೆ ಕೂತು ಗಿಡವನ್ನೇ ತಿನ್ನುವ ಹುಳು. ತೊಗಟೆ ಅಲ್ಲಲ್ಲಿ ಉಬ್ಬಿದರೆ ಮಾತ್ರ ನಮಗೆ ಅದರ ಸುಳಿವು ಸಿಗುವುದು. ಈ ಗಿಡದ ತೊಗಟೆ ಉಬ್ಬಿರಲೇ ಇಲ್ಲ. ಬೋರರ್ ಹೊಕ್ಕ ಗಿಡವನ್ನು ನಮ್ಮ ಕಡೆ ಯಾರೂ ಇಟ್ಟುಕೊಳ್ಳುವುದಿಲ್ಲ. ಹುಳುವಿಗೆ ರೆಕ್ಕೆ ಬಂದು, ಹಾರಿ ಹೋಗಿ ಪಕ್ಕದ ಗಿಡದಲ್ಲಿ ಮೊಟ್ಟೆ ಇಡುವ ಮೊದಲೇ ಬೇರುಸಹಿತ ಕಿತ್ತು ಸುಟ್ಟುಬಿಡುತ್ತೇವೆ.

“ಒಂದ್ ವಾರ ಬಿಡಿ ಚಿಕ್ಕಮ್ಮ, ಚಿಕ್ಕಮಗಳೂರಿನ ಪ್ರದರ್ಶನಕ್ಕೆ ಇದೇ ಬೇಕು,” ಎಂದು ಹುಡುಗಿ ಗೋಗರೆದಳು.

“ಸಾಕೋದಕ್ಕೆ ಅದೇನು ನಾಯಿಮರಿಯಾ?” ಎಂದು ರೇಗಿದೆ. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು.

ಅಂದು ಸಂಜೆಯೇ ನಮ್ಮ ಯಜಮಾನರು ಗಿಡ ಕಿತ್ತು ಬೆಂಕಿ ಹಾಕಿದರು. “ಒಂದ್ ಗಿಡ ತಾನೇ ಮಾರಾಯ್ತಿ, ಯಾಕಿಷ್ಟು ತಲೆಬಿಸಿ?” ಎಂದರು. ನನ್ನ ಕಣ್ಣು ಬೆಂಕಿಯಾಚೆಯ ಇಳಿಜಾರಿನ ಮೇಲಿತ್ತು. ನಾನು ಮದುವೆಯಾಗಿ ಬಂದ ವರ್ಷ ಅತ್ತೆಯೂ ನಾನೂ ಸೇರಿ ಸಸಿ ನೆಟ್ಟ ಜಾಗ ಅದು. ಅತ್ತೆ ಈಗಿಲ್ಲ. ಹೋಂಸ್ಟೇ ಬರೀ ಹೆಸರಿಗೆ, ನಮ್ಮ ಮನೆ ನಡೆಯುವುದೇ ಆ ಇಳಿಜಾರಿನ ಕಾಫಿಯಿಂದ. ಅಲ್ಲಿ ಯಾವ ಗಿಡದ ತೊಗಟೆಯೂ ಉಬ್ಬಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸುಟ್ಟ ಗಿಡದ್ದೂ ಉಬ್ಬಿರಲಿಲ್ಲವಲ್ಲ.

ಬೆಳಗ್ಗೆ ತಿಂಡಿ ಕೂಡ ಮಾಡದೆ ಹುಡುಗಿಯನ್ನು ಎಬ್ಬಿಸಿ, ಮೈಕು ಹೆಡ್‌ಫೋನು ಹಿಡಿಸಿಕೊಂಡು ಇಳಿಜಾರಿಗೆ ಕರೆದೊಯ್ದೆ. ಅತ್ತೆ ತಮ್ಮ ಕೈಯಾರೆ ನೆಟ್ಟ ಮೊದಲ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೆಡ್‌ಫೋನು ಹಾಕಿಕೊಂಡು, ಮೈಕನ್ನು ಕಾಂಡಕ್ಕೆ ಒತ್ತಿ ಹಿಡಿದೆ. ದೇವರೇ, ಏನೂ ಕೇಳದಿರಲಿ ಎಂದುಕೊಂಡೆ.

ಕರಕರ.

ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ನನ್ನ ಹೆಡ್‌ಫೋನಿನ ಒಂದು ಕಿವಿ ಸರಿಸಿ, “ನಿಮ್ಮ ಕೈ ಎಷ್ಟು ನಡುಗ್ತಿದೆ ನೋಡಿ ಚಿಕ್ಕಮ್ಮ, ಅದೇ ಕೇಳ್ತಿರೋದು. ತಡೀರಿ, ಟೇಪ್ ಹಾಕ್ತೀನಿ,” ಎಂದಳು.

ಎಷ್ಟು ಹಗುರವಾಯಿತೆಂದರೆ ನಾನು ನಕ್ಕೇಬಿಟ್ಟೆ. ಅವಳು ಮೈಕಿನ ಮೇಲೆ ಟೇಪ್ ಅಂಟಿಸಿದಳು. ನಾನು ಕೈ ತೆಗೆದೆ.

ಸದ್ದು ನಿಲ್ಲಲಿಲ್ಲ.