ಪುಟ್ಟಲಿಂಗಮ್ಮನ ಕೈಗುಣ, ಮೇಷ್ಟ್ರ ಲ್ಯಾಪ್‌ಟಾಪ್

ಬೆಳಗಿನ ಆರೂಕಾಲು. ರಾಜೀವನಗರದ ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೇನೂ ಓಡಾಡುತ್ತಿಲ್ಲ. ಅನುದಾನಿತ ಪ್ರೌಢಶಾಲೆಯೊಂದರ ಗೇಟನ್ನು ಅಕ್ಕಪಕ್ಕದವರಿಗೆ ಎಚ್ಚರವಾಗದಂತೆ ಕೊಂಚ ಮೇಲೆತ್ತಿ ತಳ್ಳುತ್ತಾರೆ ಪುಟ್ಟಲಿಂಗಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಮೊದಲು ಹೋಗುವುದು ಪೊರಕೆ ಇರುವ ಮೂಲೆಗಲ್ಲ, ಕಂಪ್ಯೂಟರ್ ಕೊಠಡಿಗೆ. ಬೀರು ತೆಗೆದು ಹದಿನಾಲ್ಕು ಲ್ಯಾಪ್‌ಟಾಪ್‌ಗಳನ್ನು ಒಂದೊಂದಾಗಿ, ಎರಡೂ ಕೈಯಲ್ಲಿ ಹಿಡಿದು ಉದ್ದನೆಯ ಬೆಂಚಿನ ಮೇಲಿಡುತ್ತಾರೆ. ಯಾವ ಚಾರ್ಜರ್ ಯಾವುದರದು ಎಂದು ಗೊಂದಲವಾಗದಿರಲಿ ಎಂದು ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿದ್ದಾರೆ. ವಿಜ್ಞಾನದವರಿಗೆ ಕೆಂಪು, ಹಿಂದಿಯವರಿಗೆ ಹಳದಿ.

"ಕರೆಂಟ್ ಯಾವಾಗ ಹೋಯ್ತದೋ ಯಾರ್ ಕಂಡವ್ರೆ? ಎಂಟು ಗಂಟೆ ಒಳ್ಗೆ ಎಲ್ಲಾದ್ರ ಹೊಟ್ಟೆ ತುಂಬಿಸ್ಬುಟ್ರೆ ಮಿಸ್‌ಗಳಿಗೆ ಮಧ್ಯಾಹ್ನದ ತಂಕ ಯೋಚ್ನೆ ಇಲ್ಲ" ಎನ್ನುತ್ತಲೇ ಒಂದನ್ನು ಮಗ್ಗುಲಾಗಿಸಿ, ಗಾಳಿ ಹೋಗುವ ಕಿಂಡಿಯ ದೂಳನ್ನು ಚಿತ್ರ ಬರೆಯುವ ಕುಂಚದಿಂದ ಮೆಲ್ಲಗೆ ಕೊಡವುತ್ತಾರೆ. ಆ ಕಿಂಡಿ ಕಟ್ಟಿಕೊಂಡರೆ ಲ್ಯಾಪ್‌ಟಾಪ್ ಬಿಸಿಯಾಗಿ, ಪಾಠದ ನಡುವೆಯೇ ಆರಿಹೋಗುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಕೆಲಸ ಮಾಡಬೇಡಿ ಎಂದು ಅವರು ಶಿಕ್ಷಕರಿಗೆ ಹೇಳುತ್ತಲೇ ಇರುತ್ತಾರೆ. ಮನೆಗೆ ಒಯ್ದವರು ಇಟ್ಟೇ ಇಡುತ್ತಾರೆ. ಕುಂಚದ ತುದಿಗೆ ಹತ್ತುವ ಹತ್ತಿಯ ಎಳೆ ನೋಡಿದರೆ ಪುಟ್ಟಲಿಂಗಮ್ಮನಿಗೆ ಗೊತ್ತಾಗಿಬಿಡುತ್ತದೆ.

ವಯಸ್ಸು ನಲವತ್ತೊಂಬತ್ತು. ಹತ್ತೊಂಬತ್ತು ವರ್ಷಗಳಿಂದ ಈ ಶಾಲೆಯ ಆಯಾ. ಇನ್ನೂ ಖಾಯಂ ಆಗಿಲ್ಲ. ಒಂಬತ್ತು ಕೊಠಡಿ ಗುಡಿಸುವುದು, ನೀರು ತುಂಬುವುದು, ಗಂಟೆ ಬಾರಿಸುವುದು, ಸುತ್ತೋಲೆಗೆ ಸಹಿ ಹಾಕಿಸಿಕೊಂಡು ಬರುವುದು ಅವರ ಕೆಲಸ. ಲ್ಯಾಪ್‌ಟಾಪ್ ನೋಡಿಕೊಳ್ಳಬೇಕೆಂದು ಯಾವ ಆದೇಶದಲ್ಲೂ ಬರೆದಿಲ್ಲ. ಆದರೂ ಇಪ್ಪತ್ತೆರಡು ಮಂದಿ ಶಿಕ್ಷಕರಲ್ಲಿ ಯಾರ ಪರದೆ ಕಪ್ಪಾದರೂ ಮೊದಲು ಕೇಳಿಬರುವುದು "ಪುಟ್ಟಲಿಂಗಮ್ಮಾ, ಸ್ವಲ್ಪ ಬನ್ನಿ" ಎಂಬ ಕೂಗು. ದಿನಕ್ಕೆ ಎಂಟೋ ಒಂಬತ್ತೋ ಸಲ. ಅಂಕಗಳನ್ನು ಆನ್‌ಲೈನ್‌ನಲ್ಲಿ ತುಂಬುವ ವಾರದಲ್ಲಾದರೆ ಹದಿನೈದು ದಾಟುತ್ತದೆ.

"ಹತ್ತರಲ್ಲಿ ಏಳು ಸಲ ಏನೂ ಆಗಿರಕಿಲ್ಲ" ಎಂದು ನಗುತ್ತಾರೆ. "ಪ್ಲಗ್ ಹಾಕಿರ್ತಾರೆ, ಸ್ವಿಚ್ಚು ಹಾಕಿರಕಿಲ್ಲ. ಇಲ್ಲಾ ಅಂದ್ರೆ ದೊಡ್ಡಕ್ಷರದ ಬಟನ್ ಒತ್ಕೊಂಡಿರ್ತದೆ, ಪಾಸ್‌ವರ್ಡ್ ತಪ್ಪು ತಪ್ಪು ಅಂತದೆ. ಇನ್ನೊಂದು, ವಿಮಾನದ ಚಿತ್ರ ಇರೋ ಬಟನ್. ಕೈ ತಗುಲಿ ಅದು ಆನ್ ಆಗ್ಬುಟ್ರೆ ಇಂಟರ್ನೆಟ್ ಎಲ್ ಬತ್ತದೆ?"

ಅವರ ಚಿಕಿತ್ಸೆಯ ಮೊದಲ ಮಾತು ಯಾವಾಗಲೂ ಒಂದೇ. "ಮೊದ್ಲು ಕೈ ತೆಗೀರಿ ಮಿಸ್. ಗಾಬರೀಲಿ ಹತ್ತು ಕಡೆ ಒತ್ತಿದ್ರೆ ಅದೂ ಗಾಬರಿ ಆಯ್ತದೆ." ಎರಡನೆಯ ಮಾತು, ಪರದೆಯ ಮೇಲೆ ಏನು ಬರೆದಿದೆಯೋ ಅದನ್ನು ಪೂರ್ತಿ ಓದಿ ಎಂಬುದು. ಓದದೆ ಅಳಿಸಿಬಿಟ್ಟ ಮೇಲೆ ಏನಾಗಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಅವರು ತಾವಾಗಿ ಕೀಲಿ ಒತ್ತುವುದು ಅಪರೂಪ. ಶಿಕ್ಷಕರ ಬೆರಳಿನಿಂದಲೇ ಒತ್ತಿಸುತ್ತಾರೆ. "ನಾನೇ ಮಾಡ್ಬುಟ್ರೆ ನಾಳೀಕೂ ನಾನೇ ಬೇಕಾಯ್ತದೆ. ಅವ್ರ ಕೈಗೆ ಬರ್ಲಿ ಅಂತ."

ಪುಟ್ಟಲಿಂಗಮ್ಮ ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಮದುವೆಯಾಗಿ ಮೈಸೂರಿಗೆ ಬಂದವರು. ಗಂಡ ಮೂಗಯ್ಯ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕಾವಲುಗಾರ. ಶಾಲೆಗೆ ಕಂಪ್ಯೂಟರುಗಳು ಮೊದಲ ಬಾರಿ ಬಂದಾಗ ಆ ಕೊಠಡಿಗೆ ನೆಲಹಾಸು, ಕಿಟಕಿಗೆ ಪರದೆ, ಹೊಸ ಬೀಗ ಎಲ್ಲ ಬಂದವು. ಅಂದಿನ ಉಸ್ತುವಾರಿಯವರು ಬಾಗಿಲಲ್ಲೇ ತಡೆದು ಹೇಳಿದ ಮಾತು ಅವರಿಗೆ ಇನ್ನೂ ನೆನಪಿದೆ. ದೂಳು ಹೊಡಿ, ಆದರೆ ಯಾವುದನ್ನೂ ಮುಟ್ಟಬೇಡ.

"ಮುಟ್ದೇ ದೂಳು ಹೊಡಿಯೋದು ಎಂಗೆ?" ಎಂದು ಕೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. "ಆ ಮಾತು ನಮ್ಗೆ ಹೊಸ್ದಲ್ಲ ಬುಡಿ. ಊರಲ್ಲೂ ಕೇಳ್ಕಂಡೇ ಬೆಳ್ದಿದ್ದು."

ಆಮೇಲೆ ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಶಿಕ್ಷಕ ಯೋಗೇಂದ್ರ ಬೇರೆಯದೇ ಥರದ ಮನುಷ್ಯ. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಉಳಿದ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದರು. ಬೀಗ ಹಾಕಲು ಕಾಯುತ್ತ ಪುಟ್ಟಲಿಂಗಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. "ಸೊಳ್ಳೆ ಕಚ್ಚಿಸಿಕೊಂಡು ಯಾಕಮ್ಮ, ಒಳಗೆ ಬನ್ನಿ" ಎಂದು ಯೋಗೇಂದ್ರ ಹಿಂದಿನ ಸಾಲಿನಲ್ಲಿ ಒಂದು ಸ್ಟೂಲು ಹಾಕಿಸಿದರು. ಒಂದೇ ಪಾಠವನ್ನು ಮೂರು ತಂಡಗಳಿಗೆ ಹೇಳಿದರು. ಶಿಕ್ಷಕರು ಒಂದೊಂದು ಸಲ ಕೇಳಿ ಮರೆತರು, ಪುಟ್ಟಲಿಂಗಮ್ಮ ಮೂರೂ ಸಲ ಕೇಳಿ ಉಳಿಸಿಕೊಂಡರು. ಇಂಗ್ಲಿಷ್ ಅಕ್ಷರಗಳ ಗುರುತಿದ್ದರೂ ಕೂಡಿಸಿ ಓದುವುದು ನಿಧಾನ. ಹಾಗಾಗಿ ಪರದೆಯ ಮೇಲೆ ಮೂಡುವ ಸೂಚನೆಗಳನ್ನು ಅಕ್ಷರಕ್ಕೆ ಅಕ್ಷರ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗಿ, ನರ್ಸಿಂಗ್ ಓದುತ್ತಿದ್ದ ಮಗಳು ಪ್ರೀತಿಯ ಹತ್ತಿರ ಅರ್ಥ ಕೇಳಿ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದರು. ಗುತ್ತಿಗೆ ಮುಗಿದು ಯೋಗೇಂದ್ರ ಹೋದಾಗ, ಆ ಕೊಠಡಿಯಲ್ಲಿ ಏನೆಲ್ಲ ಇದೆ ಎಂದು ಬಲ್ಲವರು ಬೀಗದ ಕೈ ಇಟ್ಟುಕೊಂಡಿದ್ದ ಪುಟ್ಟಲಿಂಗಮ್ಮ ಒಬ್ಬರೇ.

ಗಣಿತದ ಸಿದ್ದಲಿಂಗಸ್ವಾಮಿ ಮೇಷ್ಟ್ರಿಗೆ ಈಗ ಐವತ್ತೆಂಟು. ಲ್ಯಾಪ್‌ಟಾಪ್ ಕೊಟ್ಟಾಗ ಅವರು ಅದನ್ನು ಒಂದು ವರ್ಷ ಚೀಲದಿಂದಲೇ ತೆಗೆದಿರಲಿಲ್ಲ. ಕಿರಿಯರ ಮುಂದೆ ತಡವರಿಸಲು ನಾಚಿಕೆ. ಕೊನೆಗೆ ಒಂದು ಬೆಳಿಗ್ಗೆ ಯಾರೂ ಬರುವ ಮೊದಲೇ ಏಳೂವರೆಗೆ ಬಂದು, ಇಲಾಖೆಯ ಯಾವ ಪುಟವೂ ತೆರೆಯುತ್ತಿಲ್ಲ ಎಂದು ಪಿಸುಮಾತಿನಲ್ಲಿ ಹೇಳಿಕೊಂಡರು. ಪುಟ್ಟಲಿಂಗಮ್ಮ ಪರದೆಯ ಬಲಮೂಲೆ ನೋಡಿದರು. ಅಲ್ಲಿ ಹತ್ತು ವರ್ಷದ ಹಿಂದಿನ ಇಸವಿ ಇತ್ತು.

"ಇದ್ಕೆ ಇವತ್ತು ಯಾವ್ ದಿನ ಅನ್ನೋದೇ ಮರ್ತೋಗದೆ ಸಾರ್. ಒಳ್ಗೆ ಗಡಿಯಾರದ್ದು ಅಂತ ಒಂದು ಸಣ್ ಸೆಲ್ ಇರ್ತದೆ, ಅದು ಮುಗ್ದಿರ್ಬೇಕು. ತಾರೀಕು ತಪ್ಪಿದ್ರೆ ಆ ಕಡೆಯೋರು ಬಾಗ್ಲು ತೆಗಿಯಕಿಲ್ಲ." ತಾರೀಕು ಸರಿಪಡಿಸಿದ್ದೇ ತಡ, ಪುಟ ತೆರೆಯಿತು.

ಅಂದಿನಿಂದ ದಿನಾ ಏಳೂವರೆಗೆ ಪಾಠ. ಮುಂದಿನದನ್ನು ಮೇಷ್ಟ್ರೇ ಹೇಳುತ್ತಾರೆ: "ಎರಡು ದಿನ ನಾನು ಕೂತಿದ್ದೆ, ಆಕೆ ನಿಂತಿದ್ರು. ಮೂರನೇ ದಿನ ನನಗೇ ಏನೋ ಆಯ್ತು. ಕುರ್ಚಿ ಎಳೆದು, ಕೂತ್ಕೊಳ್ಳಿ, ನೀವು ನಿಂತಿದ್ರೆ ನನ್ನ ತಲೆಗೆ ಹತ್ತಲ್ಲ ಅಂದೆ. ಆಕೆ ಕುರ್ಚಿ ನೋಡಿದ್ರು, ಬಾಗಿಲು ನೋಡಿದ್ರು. ಅಷ್ಟು ವರ್ಷದಲ್ಲಿ ಸ್ಟಾಫ್ ರೂಮಿನ ಕುರ್ಚಿ ಒರೆಸಿದ್ದರೇ ಹೊರತು ಕೂತಿರಲಿಲ್ಲವಂತೆ. ನಾನು ಕಲಿಸುವವನು ಅಂತ ಮೂವತ್ತು ವರ್ಷ ಸಂಬಳ ತಗೊಂಡಿದೀನಿ. ಅವತ್ತು ನನಗೆ ತುಂಬಾ ಸಣ್ಣವನಾದೆ ಅನ್ನಿಸ್ತು." ಪುಟ್ಟಲಿಂಗಮ್ಮ ಈ ಪಾಠದ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ವರ್ಷದ ನಂತರ ಸಭೆಯೊಂದರಲ್ಲಿ ಮೇಷ್ಟ್ರೇ ಎದ್ದು ನಿಂತು ಹೇಳಿದರು.

ಎಲ್ಲವೂ ಕೈಹಿಡಿಯಿತು ಎಂದೇನಿಲ್ಲ. ಸಮಾಜ ವಿಜ್ಞಾನದ ಶಾರದಾ ಅವರ ಪೆನ್‌ಡ್ರೈವ್ ಒಮ್ಮೆ ವೈರಸ್ ತಗುಲಿ ತೆರೆಯದಾಯಿತು. ಹಿಂದೆ ಯೋಗೇಂದ್ರ ಇಂಥದ್ದಕ್ಕೆ ಫಾರ್ಮ್ಯಾಟ್ ಕೊಡುವುದನ್ನು ಪುಟ್ಟಲಿಂಗಮ್ಮ ನೋಡಿದ್ದರು. ಒಳಗಿದ್ದದ್ದೆಲ್ಲ ಅದರಿಂದ ಅಳಿಸಿಹೋಗುತ್ತದೆ ಎಂಬುದು ತಿಳಿದಿರಲಿಲ್ಲ. ಒತ್ತಿದರು. ಶಾರದಾ ಎರಡು ಭಾನುವಾರ ಕೂತು ಟೈಪ್ ಮಾಡಿದ್ದ ಪ್ರಶ್ನೆಪತ್ರಿಕೆ ಹೋಯಿತು. ಯಾರಿಗೂ ಗೊತ್ತಾಗದಂತೆ ಮುಚ್ಚಿಡಬಹುದಿತ್ತು, ಪೆನ್‌ಡ್ರೈವೇ ಕೆಟ್ಟಿತ್ತು ಎನ್ನಬಹುದಿತ್ತು. ಪುಟ್ಟಲಿಂಗಮ್ಮ ನೇರವಾಗಿ ಹೋಗಿ, ನನ್ನ ಕೈಯಿಂದಲೇ ಹೋಯಿತು ಎಂದರು. ಶಾರದಾ "ಹೋಗ್ಲಿ ಬಿಡಿ" ಎಂದಷ್ಟೇ ಹೇಳಿ, ಮತ್ತೆ ಮೊದಲಿನಿಂದ ಟೈಪ್ ಮಾಡಲು ಕೂತರು.

"ಬೈದಿದ್ರೆ ಅವತ್ತಿಗೇ ಮುಗ್ದೋಗದು" ಎನ್ನುತ್ತಾರೆ ಪುಟ್ಟಲಿಂಗಮ್ಮ. ಅಲ್ಲಿಂದ ಮುಂದೆ ಅವರು ಎಲ್ಲ ಶಿಕ್ಷಕರಿಗೂ ಒಂದು ಮಾತು ಹೇಳತೊಡಗಿದರು. ಬೇಕಾದ್ದನ್ನು ಎರಡು ಕಡೆ ಇಡಿ, ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹೊರಗೆ. ಶಾರದಾ ಒಬ್ಬರಿಗೆ ಮಾತ್ರ ಅದನ್ನು ಹೇಳಲು ಅವರಿಗೆ ಮುಖವಿರಲಿಲ್ಲ. ಒಂದಿಡೀ ವರ್ಷ ಅವರ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕುವುದು ಬಿಟ್ಟರೆ ಮುಟ್ಟಲೂ ಇಲ್ಲ.

ಶಾರದಾ ಅವರಿಗೆ ಆ ಮಾತು ಹೇಳದೆ ಉಳಿದದ್ದು ಎಷ್ಟು ದೊಡ್ಡ ತಪ್ಪಾಗಲಿತ್ತು ಎಂದು ಗೊತ್ತಾದದ್ದು ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳಲ್ಲಿ. ಹತ್ತನೇ ತರಗತಿಯಲ್ಲಿ ಲಾಸ್ಯ ಎಂಬ ಹುಡುಗಿ ಇದ್ದಳು. ದೃಷ್ಟಿ ಕುಂದುತ್ತ ಬಂದು, ಅಚ್ಚಾದ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ. ಅವಳಿಗಾಗಿ ಶಾರದಾ ವರ್ಷವಿಡೀ, ಶಾಲೆ ಶುರುವಾಗುವ ಮೊದಲೇ ಬಂದು, ಎಲ್ಲ ವಿಷಯಗಳ ಪಾಠವನ್ನೂ ತಮ್ಮ ದನಿಯಲ್ಲಿ ಓದಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದರು. ನೂರ ಇಪ್ಪತ್ತೊಂಬತ್ತು ಪಾಠ. ಲಾಸ್ಯಳ ಅಮ್ಮನ ಫೋನಿನಲ್ಲಿ ಜಾಗ ಸಾಲದೆ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿಕೊಳ್ಳುತ್ತಿದ್ದರು. ಪರೀಕ್ಷೆಗೆ ಒಂಬತ್ತು ದಿನ ಇರುವಾಗ, ಪುನರಾವರ್ತನೆಗೆಂದು ಎಲ್ಲವನ್ನೂ ಒಟ್ಟಿಗೆ ಕೊಡಲು ಹೋದರೆ, ಲ್ಯಾಪ್‌ಟಾಪಿನ ಪರದೆ ಬೆಳಗಲೇ ಇಲ್ಲ. ರಿಪೇರಿ ಅಂಗಡಿಯವರು ಬೋರ್ಡ್ ಹೋಗಿದೆ, ಹದಿನೈದು ದಿನ ಬೇಕು, ಒಳಗಿರುವುದು ಸಿಗುತ್ತದೆಂಬ ಭರವಸೆ ಇಲ್ಲ ಎಂದರು.

ಮಧ್ಯಾಹ್ನ ಪುಟ್ಟಲಿಂಗಮ್ಮ ನೀರಿಡಲು ಹೋದಾಗ, ಶಾರದಾ ಮುಚ್ಚಿದ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ಮಿಸ್, ನಾನೊಂದ್ಸಲ ನೋಡ್ಲಾ?"

ಶಾರದಾ ಲ್ಯಾಪ್‌ಟಾಪನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ನಾನೇನೂ ಒತ್ತಕಿಲ್ಲ ಮಿಸ್. ನೀವೇ ಒತ್ತಿ, ನಾನು ನೋಡ್ತೀನಿ."

ಶಾರದಾ ಪವರ್ ಬಟನ್ ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಪುಟ್ಟಲಿಂಗಮ್ಮ ಪಕ್ಕದ ಕಿಂಡಿಗೆ ಅಂಗೈ ಒಡ್ಡಿದರು. ಬೆಚ್ಚನೆಯ ಗಾಳಿ ಬರುತ್ತಿತ್ತು. "ದೊಡ್ಡಕ್ಷರದ್ದು ಒತ್ತಿ" ಎಂದರು. ಕೀಲಿಯ ಮೇಲಿನ ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದಾಗ ಆರಿತು.

"ಮಿಸ್, ಇದು ಸತ್ತಿಲ್ಲ. ಕಣ್ ಹೋಗದೆ, ಅಷ್ಟೆ."

ಲಾಸ್ಯಳ ನೆನಪಾಗಿ ಆ ಕ್ಷಣವೇ ನಾಲಿಗೆ ಕಚ್ಚಿಕೊಂಡೆ ಎನ್ನುತ್ತಾರೆ ಪುಟ್ಟಲಿಂಗಮ್ಮ. ಶಾರದಾ ಮಾತ್ರ ಆಗಲೇ ಎದ್ದು ನಿಂತಿದ್ದರು. ಇಬ್ಬರೂ ಹತ್ತನೇ ತರಗತಿಯ ಕೊಠಡಿಗೆ ಹೋಗಿ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿದರು. ಏನೂ ಕಾಣದಿದ್ದರೂ ಶಾರದಾ ಅಂದಾಜಿನಲ್ಲೇ ಪಾಸ್‌ವರ್ಡ್ ಟೈಪ್ ಮಾಡಿ ಎಂಟರ್ ಒತ್ತಿದರು. "ಈಗ ಗೋಡೆ ಮೇಲೆ ತೋರ್ಸು ಅನ್ಬೇಕು. ಕಿಟಕಿ ಚಿತ್ರದ ಬಟನ್ ಹಿಡ್ಕಂಡು ಪಿ ಒತ್ತಿ. ಒಂದ್ಸಲ ಕೆಳಕ್ಕೆ, ಆಮೇಲೆ ಎಂಟರ್." ಗೋಡೆ ಖಾಲಿಯಾಗಿಯೇ ಉಳಿಯಿತು. "ಉಸ್ರು ತಗಳಿ ಮಿಸ್. ಇನ್ನೊಂದ್ಸಲ, ನಿಧಾನಕ್ಕೆ." ಎರಡನೇ ಸಲಕ್ಕೆ ಗೋಡೆ ತುಂಬ ಬೆಳಕು ಬಂತು. ಎಡಗಡೆ ಕೆಳಗೆ ಒಂದು ಹಳದಿ ಫೋಲ್ಡರ್, ಅದರಡಿಯಲ್ಲಿ ಲಾಸ್ಯ ಎಂಬ ಹೆಸರು.

ನೂರ ಇಪ್ಪತ್ತೊಂಬತ್ತು ಪಾಠಗಳೂ ಇದ್ದವು. ಒಂದಲ್ಲ, ಎರಡು ಪೆನ್‌ಡ್ರೈವ್‌ಗಳಿಗೆ ಅವನ್ನು ಇಳಿಸಿಕೊಳ್ಳುವ ಹೊತ್ತಿಗೆ ಗಂಟೆ ಬಾರಿಸುವ ಸಮಯ ಮೀರಿ ಹತ್ತು ನಿಮಿಷವಾಗಿತ್ತು. ಮುಖ್ಯ ಶಿಕ್ಷಕಿ ಮಂಗಳಮ್ಮ ವಿಚಾರಿಸಲು ಬಂದರು. ಗೋಡೆ ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ಶಾರದಾ ಅವರನ್ನು ನೋಡಿದರು, ತಾವೇ ಹೋಗಿ ಗಂಟೆ ಬಾರಿಸಿದರು.

ಲಾಸ್ಯ ಪ್ರಥಮ ದರ್ಜೆಯಲ್ಲಿ ಪಾಸಾದಳು. ಈಗ ಪಿಯುಸಿ ಎರಡನೇ ವರ್ಷ. "ಎಲ್ಲಾ ಪಾಠದಲ್ಲೂ ಮಿಸ್ ದನಿ ಹಿಂದೆ ಪೊರಕೆ ಸದ್ದು ಕೇಳ್ತಿತ್ತು" ಎನ್ನುತ್ತಾಳೆ ಅವಳು. "ಆಯಾ ಕಾರಿಡಾರ್ ಗುಡಿಸ್ತಿರೋದು. ನಂಗೆ ಆ ಸದ್ದು ಇದ್ರೇನೇ ಓದೋಕೆ ಮನಸ್ಸು ಬರ್ತಿತ್ತು."

ಈಗ ಬೇರೆ ಶಾಲೆಗಳಿಂದಲೂ ಪುಟ್ಟಲಿಂಗಮ್ಮನಿಗೆ ಫೋನು ಬರುತ್ತದೆ. ಬನ್ನಿಮಂಟಪದ ಕಡೆಯ ಶಿಕ್ಷಕಿಯೊಬ್ಬರು ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುತ್ತಿದೆ ಎಂದರೆ, ಫಾಂಟ್ ಹಾಕಿಕೊಳ್ಳುವ ಬಗೆಯನ್ನು ರೊಟ್ಟಿ ತಟ್ಟುತ್ತಲೇ ಹೇಳಿಕೊಡುತ್ತಾರೆ. ಮೂಗಯ್ಯ ಸುಮ್ಮನೆ ಬಂದು ಒಲೆಯ ಮುಂದೆ ನಿಂತು ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತಾರೆ. ಪುಟ್ಟಲಿಂಗಮ್ಮನಿಗೆ ಈಚೆಗೆ ಮಂಡಿನೋವು ಹೆಚ್ಚಾಗಿದೆ. ಮೇಲಿನ ಮಹಡಿಗೆ ಕರೆ ಬಂದರೆ ಮೊದಲಿನಷ್ಟು ಬೇಗ ಹತ್ತಲಾಗುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಅಳುಕುತ್ತಲೇ ಒಂದು ಸಂಗತಿ ಹೊರಗೆ ಬರುತ್ತದೆ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವರ ತಾಯಿ ತೀರಿಕೊಂಡರು. ತಮ್ಮಂದಿರನ್ನು ನೋಡಿಕೊಳ್ಳಲು ಓದು ಅಲ್ಲಿಗೇ ನಿಂತಿತು. ಈ ವರ್ಷ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದ್ದಾರೆ. ಸಿದ್ದಲಿಂಗಸ್ವಾಮಿ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಿದ್ದಾರೆ, ಶಾರದಾ ಸಮಾಜ.

"ಪಾಸಾದ್ರೆ ಸಾಕು, ಮಾರ್ಕ್ಸ್ ಎಷ್ಟಾದ್ರೂ ಬರ್ಲಿ" ಎನ್ನುತ್ತಾರೆ ಪುಟ್ಟಲಿಂಗಮ್ಮ. ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಳ್ಳುತ್ತಾರೆ. "ಅರ್ಜಿ ಆನ್‌ಲೈನಲ್ಲಿ ತುಂಬ್ಬೇಕಿತ್ತು. ಮಿಸ್‌ಗಳೆಲ್ಲ ನಾವು ತುಂಬ್ಕೊಡ್ತೀವಿ ಅಂದ್ರು. ಬ್ಯಾಡಿ ಅಂದೆ. ಒಬ್ಳೇ ಕೂತ್ಕಂಡು ತುಂಬ್ದೆ. ಫೋಟೊ ದೊಡ್ದಾಯ್ತು, ತಗಳಕಿಲ್ಲ ಅಂತು. ಚಿಕ್ಕದ್ ಮಾಡಿ ಹಾಕ್ದೆ, ತಗತು."