ಒಳಕಿಸೆ ಇಲ್ಲದ ಅಂಗಿ

ಮಹಾಬಲ ಭಟ್ಟರಿಗೆ ಎಷ್ಟೋ ವರ್ಷದಿಂದ ಅಂಗಿ ಹೊಲಿದುಕೊಡುವವನು ನಾನು, ಬದಿಯಡ್ಕದ ಟೈಲರ್ ಧನರಾಜ್. ಅವರದು ಮದುವೆ ಸಂಬಂಧ ಕುದುರಿಸುವ ಕಸುಬು. ಬಿಳಿ ಮುಂಡು, ತುಂಬುತೋಳಿನ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಅಂಗಿಯ ಎದೆಯ ಒಳಬದಿಗೆ ದೊಡ್ಡದೊಂದು ಕಿಸೆ ಬೇಕೇ ಬೇಕು, ಹುಡುಗರ ಜಾತಕ ಇಡಲು. ಸಂಬಂಧ ತರುವವನು ಹುಡುಗನ ಅಪ್ಪನಿಗಿಂತ ಚಂದ ಕಾಣಬಾರದು, ಹುಡುಗಿಯ ಅಪ್ಪನಿಗಿಂತ ಬಡವನಾಗಿಯೂ ಕಾಣಬಾರದು ಎನ್ನುತ್ತಿದ್ದರು. ಕಾಲರಿನ ಒಂದು ನೂಲು ಬಿಟ್ಟರೂ ತಂದು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಅವರ ಉಪದ್ರ ಸಾಕಾಗಿಹೋಗಿದೆ ನನಗೆ.

ಈಗೀಗ ಆ ಕಿಸೆ ಖಾಲಿಯಾಗುವುದೇ ಇಲ್ಲ. ಊರಲ್ಲಿ ನಿಂತ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ. ಭಟ್ಟರ ಮಗ ಅವಿನಾಶನಂತೂ ಮದುವೆಮನೆಗಳ ಅಡಿಗೆಯವನು, ನಲವತ್ತರ ಹತ್ತಿರ ಬಂದ. ಅವನಿಗೊಂದು ಹೆಣ್ಣು ನೋಡಿ ಎಂದು ನಾನು ಬೈದಾಗಲೆಲ್ಲ, ನಂಬಿ ಜಾತಕ ಕೊಟ್ಟವರನ್ನು ಬಿಟ್ಟು ಸ್ವಂತ ಮಗನನ್ನು ಮುಂದೆ ಮಾಡಿದರೆ ಮತ್ತೆ ತನ್ನನ್ನು ಯಾರು ನಂಬುತ್ತಾರೆ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ದೀಪಾವಳಿ ಮುಗಿದ ಮೇಲೆ ಕೆನೆಬಣ್ಣದ ಬಟ್ಟೆ ಹಿಡಿದುಕೊಂಡು ಬಂದರು.

"ಈ ಸಲ ಒಳಕಿಸೆ ಬೇಡ ಧನರಾಜ," ಎಂದರು.

ಬೆಳ್ಳೂರಿನ ವೆಂಕಟಕೃಷ್ಣರ ಮಗಳು ಶ್ರೀರಂಜಿನಿ ಊರು ಬಿಟ್ಟು ಹೋಗಲಾರಳಂತೆ, ಅಡಿಗೆಯವನಾದರೂ ಆದೀತು ಎಂದಳಂತೆ. ಭಟ್ಟರು ಈ ಸಲ ಅಪ್ಪನಾಗಿ ಹೋಗಿ ಕೇಳುವುದಂತೆ. ಅಳತೆ ತೆಗೆಯುವಾಗ ಅವರ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಕೈಗೆ ಗೊತ್ತಾಗುತ್ತಿತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೊಡೆ ಮನೆಯಲ್ಲೇ ಬಿಟ್ಟು, ಜರಿಶಾಲು ಹೊದ್ದು, ಮಗನ ಜಾತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ವೆಂಕಟಕೃಷ್ಣರು ಕಾಫಿ ಕೊಡಿಸಿ, ಅಂಗಿ ಚಂದ ಉಂಟೆಂದು ಹೊಗಳಿ, ಎಂದಿನಂತೆಯೇ ಕೇಳಿದರಂತೆ:

"ಇವತ್ತು ಯಾರ ಜಾತಕ ಮಹಾಬಲಣ್ಣ?"

ಆಯುಷ್ಯವಿಡೀ ಬೇರೆಯವರ ಮಕ್ಕಳ ಹೆಸರು ಹೇಳಿ ರೂಢಿಯಾದ ನಾಲಿಗೆ. ಇಲ್ಲೇ ಹತ್ತಿರದ ವಿದ್ಯಾನಗರದಲ್ಲಿ ಗುಮಾಸ್ತನಾಗಿರುವ ಕೇಶವಪ್ರಸಾದನದ್ದು ಎಂದುಬಿಟ್ಟರು. ಜಾತಕ ನಾಳೆ ತರುತ್ತೇನೆ ಎಂದರು. ಹುಡುಗನ ಗುಣವನ್ನೂ ಕಸುಬಿಗೆ ತಕ್ಕ ಹಾಗೆ ಚೆನ್ನಾಗಿಯೇ ವರ್ಣಿಸಿದರು. ಅಂಗಡಿಗೆ ಬಂದು ಅವರು ಇದನ್ನು ಹೇಳಿದಾಗ ನನಗೆ ಕತ್ತರಿ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಬಾಯಿ ತಪ್ಪಿತು ಎಂದು ಅಲ್ಲೇ ಹೇಳಬಾರದಿತ್ತಾ ಎಂದೆ. ಹೆಸರೆತ್ತಿದ ಮೇಲೆ ಹಿಂದೆ ತೆಗೆದರೆ ಆ ಹುಡುಗನಿಗೆ ಮೋಸವಲ್ಲವಾ ಎಂದರು.

ಜಾತಕ ಕೂಡಿಬಂತು. ಮದುವೆಯ ಅಡಿಗೆಗೆ ಕರೆದದ್ದು ಅವಿನಾಶನನ್ನೇ. ನಾನೂ ಹೋಗಿದ್ದೆ, ಭಟ್ಟರು ಆ ಕೆನೆಬಣ್ಣದ ಅಂಗಿಯಲ್ಲೇ ಬಂದಿದ್ದರು. ಪಾಯಸ ಬಡಿಸುತ್ತಾ ಬಂದವನು ಅಪ್ಪನ ಎದುರು ನಿಂತ.

"ಅಂಗಿ ಚಂದ ಉಂಟಲ್ಲ ಅಪ್ಪ. ಎಂತ ವಿಶೇಷ?"

"ವಿಶೇಷ ಎಂತ ಇಲ್ಲ ಮಗಾ. ಕೆಲಸಕ್ಕೆ ಹೋಗುವಾಗ ಹಾಕ್ಲಿಕ್ಕೆ."

ಅವನು ಇನ್ನೊಂದು ಸೌಟು ಹೆಚ್ಚೇ ಬಡಿಸಿ ಮುಂದೆ ಹೋದ. ಪಾಪದವನಿಗೆ ಏನೂ ಗೊತ್ತಿರಲಿಲ್ಲ. ಭಟ್ಟರ ಎಲೆಯಲ್ಲಿ ಪಾಯಸ ಹಾಗೆಯೇ ಉಳಿಯಿತು.

ಮರುದಿನ ಅದೇ ಅಂಗಿಯನ್ನು ಅಂಗಡಿಗೆ ತಂದು, ಒಳಕಿಸೆ ಇಡು ಎಂದರು. ಇನ್ನೊಂದು ಕಡೆ ಕೇಳಿ ನೋಡಿ ಭಟ್ರೇ ಎಂದೆ.

"ಕೇಳ್ಲಿಕ್ಕೆ ಇನ್ನು ಹುಡುಗಿ ಯಾರಿದ್ದಾರೆ ಮಾರಾಯ?"

ಕೆನೆಬಣ್ಣದ ತುಂಡು ಉಳಿದಿರಲಿಲ್ಲ, ಬಿಳಿ ಬಟ್ಟೆಯಲ್ಲೇ ಕಿಸೆ ಹೊಲಿದುಕೊಟ್ಟೆ. ಅಂಗಡಿಯಲ್ಲೇ ಕುಳಿತು ಜಾತಕಗಳನ್ನು ಅದಕ್ಕೆ ತುಂಬಿಸಿದರು. ಅವಿನಾಶನದ್ದನ್ನು ಎಲ್ಲದರ ಅಡಿಯಲ್ಲಿ ಇಟ್ಟರು.