ವ್ಯಾನಿಟಿ ವ್ಯಾನಿನ ಇಲಿಗಳು

ಮುಂಬೈಯ ದಹಿಸರ್‌ನ ಧಾರಾವಾಹಿ ಸೆಟ್ಟಿನಲ್ಲಿ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ, ನಟಿಯರು ಬಣ್ಣ ಹಚ್ಚಿಕೊಂಡು ವಿಶ್ರಮಿಸುವ ವ್ಯಾನಿಟಿ ವ್ಯಾನ್ ಓಡಿಸುತ್ತಿದ್ದವರು ಕಲಬುರಗಿ ಕಡೆಯವರು. ಇಲಿ ಹೊಕ್ಕಾಗಲೆಲ್ಲ ಅವರು ವ್ಯಾನಿನಡಿ ಮಲಗಿ, ಬೆರಳಾಡಿಸಿ ತೂತು ಹುಡುಕಿ, ತಂತಿಯುಂಡೆ ತುರುಕುತ್ತಿದ್ದರು.

"ವಿಷ ಬ್ಯಾಡ್ರಿ, ತೂತು ಮುಚ್ಚಿದ್ರ ಸಾಕು," ಎನ್ನುತ್ತಿದ್ದರು.

ವ್ಯಾನಿನ ಮಾಲೀಕ ಅವರ ಮಾತು ಕೇಳದೆ ವಿಷವಿಟ್ಟ. ಎರಡು ದಿನ ಕಳೆದು, ಸೋಫಾದ ಹಿಂದೆ ಸಣ್ಣ ಚೀರಾಟ ಕೇಳಿ ಅವರು ಹಲಗೆ ಬಿಚ್ಚಿದರು. ತಾಯಿ ಇಲಿ ಸತ್ತಿತ್ತು. ಕಣ್ಣು ಬಿಡದ ಆರು ಮರಿಗಳು ಅದರ ಮೊಲೆ ಹುಡುಕುತ್ತಿದ್ದವು.

"ಹೊರಗೆ ಬಿಸಾಡಿ," ಎಂದೆ.

"ಜೀವ ಇದ್ದಾಗ್ಲೇ ಕಾಗಿ ಕುಕ್ಕತಾವ್ರಿ."

ಬಕೆಟ್ಟಿನ ನೀರಿನಲ್ಲಿ ಒಂದೊಂದಾಗಿ ಮುಳುಗಿಸಿದರು. ಕೊನೆಯದು ಬಹಳ ಹೊತ್ತು ಒದ್ದಾಡಿತು. ಅವರು ಕೈ ತೆಗೆಯಲಿಲ್ಲ.

ಆಮೇಲೆ ನೆಲ ಒರೆಸಿ, ನಟಿಗೆ ಬಾಗಿಲು ತೆರೆದು, ಬಿಸಿಲಿನಲ್ಲಿ ನಿಂತರು. ಅಂದು ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ನಾನೂ ಊಟಕ್ಕೆ ಕರೆಯಲಿಲ್ಲ.